ಯಾರ ಕರ್ಮ, ಯಾರ ಹೊಣೆ?



ಪ್ರಕೃತಿ ವಿಕೋಪಗಳನ್ನು ಪೂರ್ವದೇಶಗಳ ದರ್ಶನಗಳ ಬೆಳಕಿನಲ್ಲಿ ನೋಡೋಣವೆಂದು ಇಲ್ಲಿ ಸೇರಿದ್ದೇವೆ. ಸ್ವಲ್ಪ ಅಳುಕಿನಿಂದಲೇ ಮಾತು ಶುರುಮಾಡುತ್ತೇನೆ. ಕರ್ಮ, ಅನಿತ್ಯ, ದೈವ ಎಂಬ ಪದಗಳು ಸಭಾಂಗಣದಲ್ಲಿ ಗಂಭೀರವಾಗಿ ಕೇಳಿಸುತ್ತವೆ. ಗಂಜಿಕೇಂದ್ರದಲ್ಲಿ ಕೂತವರ ಮುಂದೆ ಅವನ್ನೇ ಆಡಿದರೆ ಗಾಯದ ಮೇಲೆ ಬರೆ ಎಳೆದಂತೆ.

1934ರ ಜನವರಿ 15ರ ಮಧ್ಯಾಹ್ನ ಬಿಹಾರ, ನೇಪಾಳಗಳು ನಡುಗಿದವು. ಮುಂಗೇರ್ ನೆಲಸಮವಾಯಿತು, ಒಟ್ಟು ಸತ್ತವರು ಹತ್ತು ಸಾವಿರಕ್ಕೂ ಹೆಚ್ಚು. ಹರಿಜನೋದ್ಧಾರದ ಪ್ರವಾಸದಲ್ಲಿ ದಕ್ಷಿಣಕ್ಕೆ ಬಂದಿದ್ದ ಗಾಂಧೀಜಿ ತಿರುನೆಲ್ವೇಲಿಯಲ್ಲಿ, ಇದು ಅಸ್ಪೃಶ್ಯತೆಯ ಪಾಪಕ್ಕೆ ದೇವರು ಕೊಟ್ಟ ಶಿಕ್ಷೆ ಎಂದರು. ಅಸ್ಪೃಶ್ಯತೆಯ ವಿರುದ್ಧ ಅವರ ಜೊತೆಗೇ ನಿಂತಿದ್ದ ರವೀಂದ್ರನಾಥ ಠಾಕೂರರಿಗೆ ಈ ಮಾತು ನುಂಗಲಾಗಲಿಲ್ಲ. ಭೌತಿಕ ಅನಾಹುತಕ್ಕೆ ಭೌತಿಕ ಕಾರಣಗಳೇ ಇರುತ್ತವೆ, ಇಂಥ ವಾದ ಗಾಂಧೀಜಿಯ ವಿರೋಧಿಗಳಿಗೇ ಹೆಚ್ಚು ಹೊಂದುತ್ತದೆ ಎಂದು ಬರೆದರು. ಗಾಂಧೀಜಿ ಅದನ್ನು ತಮ್ಮ ‘ಹರಿಜನ’ ಪತ್ರಿಕೆಯಲ್ಲೇ ಅಚ್ಚುಹಾಕಿ ಉತ್ತರಿಸಿದರು. ಪಟ್ಟು ಮಾತ್ರ ಬಿಡಲಿಲ್ಲ.

ಗಾಂಧೀಜಿ ಪಾಪಿಗಳ ಸಾಲಿನಲ್ಲಿ ತಮ್ಮನ್ನೂ ನಿಲ್ಲಿಸಿಕೊಂಡಿದ್ದರು ಎಂಬುದು ನಿಜ. ಆದರೆ ಕುಸಿದ ಗೋಡೆಗಳ ಅಡಿ ಅಸ್ಪೃಶ್ಯರೂ ಇದ್ದರಲ್ಲ? ಆ ಪ್ರಶ್ನೆಗೆ ಅವರ ವಾದದಲ್ಲಿ ಜಾಗವಿಲ್ಲ. ಈ ಜಗಳವನ್ನು ಶ್ರದ್ಧೆ ಮತ್ತು ವಿಜ್ಞಾನದ ಜಗಳ, ಇನ್ನೂ ಸಲೀಸಾಗಿ ಪೂರ್ವ ಪಶ್ಚಿಮಗಳ ಜಗಳ ಎಂದು ಹೇಳುವವರಿದ್ದಾರೆ. ನಾನು ಒಪ್ಪುವುದಿಲ್ಲ. ಇದು ನಮ್ಮ ಮನೆಯೊಳಗಿನದೇ ಹಳೆಯ ವ್ಯಾಜ್ಯ.

ರಾಜಗೃಹದ ವೇಣುವನದಲ್ಲಿ ಮೋಳಿಯ ಸೀವಕನೆಂಬ ಪರಿವ್ರಾಜಕ ಬುದ್ಧನನ್ನು ಕೇಳುತ್ತಾನೆ: ಮನುಷ್ಯ ಅನುಭವಿಸುವ ಸುಖದುಃಖವೆಲ್ಲ ಹಿಂದಿನ ಕರ್ಮದ ಫಲವೆಂದು ಕೆಲವರು ಹೇಳುತ್ತಾರೆ, ನೀವೇನನ್ನುತ್ತೀರಿ? ಸಂಯುತ್ತ ನಿಕಾಯದಲ್ಲಿ ಬರುವ ಈ ಸಂವಾದದಲ್ಲಿ ಬುದ್ಧ ವೇದನೆಗೆ ಎಂಟು ಕಾರಣ ಕೊಡುತ್ತಾನೆ. ಪಿತ್ತ, ಕಫ, ವಾತ, ಇವುಗಳ ಕೂಟ, ಋತುಗಳ ಬದಲಾವಣೆ, ತನ್ನನ್ನು ತಾನು ನೋಡಿಕೊಳ್ಳದಿರುವುದು, ಹೊರಗಿನ ಪೆಟ್ಟು. ಕರ್ಮಫಲ ಬರುವುದು ಎಂಟನೆಯದಾಗಿ. ಎಲ್ಲವೂ ಪೂರ್ವಕರ್ಮ ಎನ್ನುವವರು ತಾವು ಕಂಡದ್ದನ್ನೂ ಲೋಕ ಒಪ್ಪಿದ್ದನ್ನೂ ಮೀರಿ ಮಾತಾಡುತ್ತಿದ್ದಾರೆ ಎಂಬುದು ಅವನ ತೀರ್ಮಾನ. ‘ಅವರವರ ಕರ್ಮ’ ಎಂದು ಕೈತೊಳೆದುಕೊಳ್ಳುವವರಿಗೆ ಬೌದ್ಧರ ಆಸರೆಯಂತೂ ಸಿಗದು.

ಚರಕಸಂಹಿತೆಯ ವಿಮಾನಸ್ಥಾನದ ಮೂರನೆಯ ಅಧ್ಯಾಯವಿದೆ, ‘ಜನಪದೋದ್ಧ್ವಂಸನೀಯ’. ಆಯುರ್ವೇದದವರು ಚೆನ್ನಾಗಿ ಬಲ್ಲರು; ತತ್ತ್ವಶಾಸ್ತ್ರದ ತರಗತಿಗಳಲ್ಲಿ ಅದರ ಹೆಸರೆತ್ತುವವರು ಕಡಿಮೆ. ಪಾಂಚಾಲದ ಕಾಂಪಿಲ್ಯದಲ್ಲಿ, ಬೇಸಗೆಯ ಕೊನೆಯ ತಿಂಗಳು, ಗಂಗೆಯ ದಡದಲ್ಲಿ ನಡೆಯುತ್ತಾ ಆತ್ರೇಯ ಶಿಷ್ಯ ಅಗ್ನಿವೇಶನಿಗೆ ಹೇಳುತ್ತಾನೆ: ಋತುವಿನ ಲಕ್ಷಣ ಕೆಟ್ಟಿದೆ, ನೆಲದ ರಸ ಬತ್ತುವ ಮೊದಲೇ ಔಷಧಿಗಳನ್ನು ಕಿತ್ತಿಟ್ಟುಕೊಳ್ಳೋಣ. ಅಗ್ನಿವೇಶನಿಗೆ ಬೇರೆಯೇ ಅನುಮಾನ. ಪ್ರಕೃತಿ, ಆಹಾರ, ಬಲ, ವಯಸ್ಸು ಎಲ್ಲ ಬೇರೆಬೇರೆಯಾದ ಜನ ಒಂದೇ ಹೊತ್ತಿಗೆ ಒಂದೇ ರೋಗದಿಂದ ಸಾಯುವುದು ಹೇಗೆ? ಗಾಳಿ, ನೀರು, ನೆಲ, ಕಾಲ, ಈ ನಾಲ್ಕು ಎಲ್ಲರಿಗೂ ಸಮಾನ, ಅವು ಕೆಟ್ಟರೆ ಊರಿಗೂರೇ ಹಾಳಾಗುತ್ತದೆ ಎನ್ನುತ್ತಾನೆ ಗುರು. ಅವು ಕೆಡುವುದಕ್ಕೆ ಮೂಲ ಅಧರ್ಮ. ಪೂರ್ವಕೃತ ದುಷ್ಕರ್ಮದ ಮಾತೂ ಅಲ್ಲಿದೆ, ಮುಚ್ಚಿಡುವುದಿಲ್ಲ. ಆದರೆ ಆ ಅಧರ್ಮ ಹುಟ್ಟುವುದೆಲ್ಲಿ ಎಂದು ಬಿಡಿಸುವಾಗ ಚರಕ ಮೊದಲು ಬೆರಳು ತೋರಿಸುವುದು ದೇಶ, ನಗರ, ಜನಪದಗಳ ಪ್ರಮುಖರ ಕಡೆಗೆ. ಅವರು ಧರ್ಮ ಮೀರಿದಾಗ ಕೈಕೆಳಗಿನವರು, ಪೌರರು, ವ್ಯಾಪಾರಿಗಳು ಅದನ್ನು ಬೆಳೆಸುತ್ತಾರೆ.

ಕಾರಣ ಹುಡುಕುವ ಬೆರಳು ಇಲ್ಲಿ ಸತ್ತವರ ಕಡೆಗಲ್ಲ, ಮೇಲಕ್ಕೆ ತಿರುಗಿದೆ. ಕರ್ಮಸಿದ್ಧಾಂತವನ್ನು ವಿಪತ್ತಿನ ಹೊತ್ತಿನಲ್ಲಿ ಬಳಸಬಹುದಾದರೆ ಹೀಗೆ ಮಾತ್ರ ಬಳಸಬಹುದು ಎಂದು ನನ್ನ ವಾದ. ನಾನು ನನ್ನ ಕರ್ಮವನ್ನು ಕೇಳಿಕೊಳ್ಳಬಹುದು, ಆಳುವವರ ಕರ್ಮವನ್ನು ಕೇಳಬಹುದು. ಸಂತ್ರಸ್ತನ ಕರ್ಮ ಕೇಳುವ ಅಧಿಕಾರ ಯಾರಿಗೂ ಇಲ್ಲ. 2011ರ ಜಪಾನಿನ ಸುನಾಮಿ ‘ದೇವರ ದಂಡನೆ’ ಎಂದ ಆಗಿನ ಟೋಕಿಯೊ ರಾಜ್ಯಪಾಲ ಇಶಿಹಾರಾ ಕ್ಷಮೆ ಕೇಳಬೇಕಾಯಿತು. ಮರುವರ್ಷ ಜಪಾನಿನ ಸಂಸತ್ತು ನೇಮಿಸಿದ್ದ ಕುರೊಕಾವಾ ಆಯೋಗ, ಆ ಸುನಾಮಿಯ ಬೆನ್ನಿಗೇ ನಡೆದ ಫುಕುಶಿಮಾ ಅಣುಸ್ಥಾವರದ ದುರಂತ ಮನುಷ್ಯಕೃತ ಎಂದು ವರದಿ ಕೊಟ್ಟಿತು. ಚರಕನ ದಾರಿ ಇವೆರಡರಲ್ಲಿ ಯಾವುದರದು ಎಂದು ವಿವರಿಸಬೇಕಾಗಿಲ್ಲ.

ಅನಿತ್ಯತೆಯ ಬಗ್ಗೆ ನನಗೆ ಅಷ್ಟು ಭರವಸೆ ಇಲ್ಲ. 1185ರ ಕ್ಯೋಟೊ ಭೂಕಂಪವನ್ನು ಕಂಡ ಜಪಾನಿ ಲೇಖಕ ಕಮೊ ನೊ ಚೋಮೆಯಿ ತನ್ನ ‘ಹೋಜೋಕಿ’ ಕೃತಿಯಲ್ಲಿ ಬರೆದಿದ್ದಾನೆ: ಆಗ ಜನ ಲೋಕದ ನಶ್ವರತೆಯನ್ನು ಮಾತಾಡಿಕೊಂಡರು, ವರ್ಷಗಳು ಉರುಳಿದ ಮೇಲೆ ಯಾರೂ ಅದರ ಸುದ್ದಿಯೆತ್ತಲಿಲ್ಲ. ಸ್ಮಶಾನವೈರಾಗ್ಯ ಎಂದು ನಾವು ಅನ್ನುವುದು ಇದನ್ನೇ. ಅದಕ್ಕಿಂತ ಇವಾಟೆ ಪ್ರಾಂತದ ಅನೆಯೋಶಿ ಹಳ್ಳಿಯ ಕಲ್ಲು ಗಟ್ಟಿ. 1933ರ ಸುನಾಮಿಯ ನಂತರ, ಇದರ ಕೆಳಗೆ ಮನೆ ಕಟ್ಟಬೇಡಿ ಎಂದು ಕೆತ್ತಿ ನಿಲ್ಲಿಸಿದ್ದು. ಊರು ಮಾತು ಕೇಳಿತು, 2011ರ ಅಲೆ ಆ ಕಲ್ಲಿಗಿಂತ ಕೆಳಗೇ ನಿಂತಿತು.

ನಮ್ಮಲ್ಲೂ 2018ರ ಆಗಸ್ಟಿನಲ್ಲಿ ಕೊಡಗಿನ ಗುಡ್ಡಗಳು ಜಾರಿದವು. 2024ರ ಜುಲೈ 16ರಂದು ಅಂಕೋಲಾದ ಶಿರೂರಿನಲ್ಲಿ, ಹೆದ್ದಾರಿಗಾಗಿ ಕಡಿದಿದ್ದ ಗುಡ್ಡ ರಸ್ತೆಯ ಮೇಲೆ, ಗಂಗಾವಳಿಯೊಳಕ್ಕೆ ಕುಸಿಯಿತು. ಸುರಿದ ಮಳೆ ದೈವದ್ದೇ ಇರಲಿ. ಗುಡ್ಡದ ಬುಡ ಎಷ್ಟು ಕಡಿದಾಗಿ ಕೊರೆಯಬೇಕೆಂದು ನಕ್ಷೆ ಬರೆದದ್ದು ದೈವವಲ್ಲ.

ಮಧ್ಯಾಹ್ನದ ಗೋಷ್ಠಿಯಲ್ಲಿ ಭೂವಿಜ್ಞಾನಿಗಳೂ ಆಡಳಿತದವರೂ ಇರುತ್ತಾರೆ. ಅವರ ಚರ್ಚೆಗೆ ಕೌಟಿಲ್ಯನ ಒಂದು ಪ್ರಕರಣ ಇಟ್ಟು ಮುಗಿಸುತ್ತೇನೆ. ಅರ್ಥಶಾಸ್ತ್ರದ ನಾಲ್ಕನೆಯ ಅಧಿಕರಣ ಪ್ರವಾಹವನ್ನು ಬೆಂಕಿ, ಬರ, ರೋಗಗಳ ಜೊತೆ ದೈವಿಕ ಭಯಗಳ ಪಟ್ಟಿಯಲ್ಲೇ ಸೇರಿಸುತ್ತದೆ. ನದಿಪೂಜೆಯನ್ನೂ ಹೇಳುತ್ತದೆ. ಅದರ ಜೊತೆಗೇ, ಮಳೆಗಾಲದಲ್ಲಿ ದಡದ ಹಳ್ಳಿಗರು ಎತ್ತರದ ಜಾಗಕ್ಕೆ ಹೋಗಬೇಕು, ಹಲಗೆ, ಬಿದಿರು, ದೋಣಿ ಇಟ್ಟುಕೊಂಡಿರಬೇಕು, ಕೊಚ್ಚಿಹೋಗುವವರನ್ನು ಸೋರೆಬುರುಡೆ, ತೊಗಲಚೀಲ ಹಿಡಿದಾದರೂ ಎತ್ತಬೇಕು ಎನ್ನುತ್ತದೆ. ಕೈಲಾಗಿಯೂ ಎತ್ತಲು ಹೋಗದವನಿಗೆ ಹನ್ನೆರಡು ಪಣ ದಂಡ, ದೋಣಿಯಿಲ್ಲದವನಿಗೆ ವಿನಾಯಿತಿ. ಇಂದು ದೋಣಿ ಯಾರ ಬಳಿ ಇದೆ, ಆ ಹನ್ನೆರಡು ಪಣವನ್ನು ಯಾವ ಕಚೇರಿಯಿಂದ ವಸೂಲು ಮಾಡಬೇಕು ಎಂಬುದನ್ನು ಮೊದಲ ಪ್ರಬಂಧದಿಂದಲೇ ಕೈಗೆತ್ತಿಕೊಳ್ಳಿ.