ಕೊಟ್ಟಿಗೆಗೆ ಮ್ಯಾಟ್, ಬಚ್ಚಲಿಗೆ ಕಂಬಿ

(ಮಾರಿಕುಪ್ಪಂ ಸುತ್ತಲಿನ ಹಾಲು ಉತ್ಪಾದಕ ಸದಸ್ಯರಿಗೆ ನೀಡಿದ ಭಾಷಣ)



ಸೀಮೆಹಸು ಜಾರಿ ಬಿದ್ದರೆ ಆಗುವ ನಷ್ಟ ನಿಮಗೆ ಗೊತ್ತು. ಅದಕ್ಕಾಗಿಯೇ ಕೊಟ್ಟಿಗೆಯ ನೆಲವನ್ನು ಒರಟು ಮಾಡಿಸುತ್ತೀರಿ, ರಬ್ಬರ್ ಮ್ಯಾಟ್ ಹಾಸುತ್ತೀರಿ. ಅದೇ ಮನೆಯ ಅಜ್ಜಿ ಸ್ನಾನ ಮಾಡುವ ಬಚ್ಚಲು ಮಾತ್ರ ಪಾಚಿಗಟ್ಟಿರುತ್ತದೆ. ಹಿಡಿದುಕೊಳ್ಳಲು ಏನೂ ಇರುವುದಿಲ್ಲ.

ನಮ್ಮ ಕಡೆ ಈ ವಿಷಯ ಇನ್ನೂ ಮುಖ್ಯ. 2001ರ ಫೆಬ್ರವರಿ 28ರಂದು ಚಿನ್ನದ ಗಣಿ ಮುಚ್ಚಿತು. ಆಗ 45 ವರ್ಷದವರಾಗಿದ್ದ ಕಾರ್ಮಿಕರು ಇಂದು 65 ದಾಟಿದ್ದಾರೆ. ಕಲ್ಲಿನ ಧೂಳು ಕುಡಿದು ಸಿಲಿಕೋಸಿಸ್ ಆದವರಿಗೆ ಸ್ವಲ್ಪ ನಡೆದರೂ ಏದುಸಿರು ಬರುತ್ತದೆ. ಮಕ್ಕಳು ಬೆಳಗಿನ ರೈಲಿಗೆ ಬೆಂಗಳೂರಿಗೆ ಹೊರಟರೆ ಮನೆ, ಹಸು ಎರಡೂ ಹಿರಿಯರ ಪಾಲು. ಅವರ ಸೊಂಟದ ಮೂಳೆ ಮುರಿದರೆ ಸಾಮಾನ್ಯವಾಗಿ ಆಪರೇಷನ್ನೇ ಬೇಕಾಗುತ್ತದೆ. ಆಮೇಲೂ ಅನೇಕರಿಗೆ ಮೊದಲಿನ ಓಡಾಟ ಬರುವುದಿಲ್ಲ.

ಹಾಗಾದರೆ ಏನು ಮಾಡಬೇಕು?

ಮೊದಲು ಬಚ್ಚಲು, ಕಕ್ಕಸು. ಪಾಚಿ ಉಜ್ಜಿ ತೆಗೆಯಿರಿ. ಒಂದೂವರೆ ಇಂಚಿನ ಪೈಪನ್ನು ಗೋಡೆಗೆ ಬೋಲ್ಟ್ ಹಾಕಿ ಭದ್ರಪಡಿಸಿ. ಮಣ್ಣಿನ ಗೋಡೆಯಲ್ಲಿ ಬೋಲ್ಟ್ ನಿಲ್ಲದು. ಅಲ್ಲಿ ಪೈಪನ್ನು ನೆಲದಲ್ಲಿ ಹೂತು ಕಾಂಕ್ರೀಟ್ ಹಾಕಿಸಿ. ಕುಕ್ಕರುಗಾಲಲ್ಲಿ ಕೂರಲಾಗದವರಿಗೆ ಕಮೋಡ್ ಕುರ್ಚಿ ಇಡಿ. ಬಾಗಿಲು ಹೊರಕ್ಕೆ ತೆರೆಯಲಿ. ಒಳಕ್ಕೆ ತೆರೆಯುವ ಬಾಗಿಲಿದ್ದರೆ, ಒಳಗೆ ಬಿದ್ದವರೇ ಅದಕ್ಕೆ ಅಡ್ಡವಾಗುತ್ತಾರೆ.

ಎರಡನೆಯದು ಬೆಳಕು. ಹಾಸಿಗೆಯಿಂದ ಕಕ್ಕಸಿನವರೆಗೆ, ಕೊಟ್ಟಿಗೆಯ ದಾರಿಯಲ್ಲೂ ದೀಪವಿರಲಿ. ಸ್ವಿಚ್ ಹಾಸಿಗೆಯಲ್ಲೇ ಕೈಗೆ ಸಿಗಬೇಕು. ಹೊಸ್ತಿಲಿಗೆ ಎದ್ದುಕಾಣುವ ಹಳದಿ ಬಣ್ಣ ಬಳಿಯಿರಿ.

ಮೂರನೆಯದು ಕೆಲಸದ ಜಾಗ. ಕೆಲಸ ಬಿಡಿಸಬೇಡಿ, ಹಗುರ ಮಾಡಿ. ಹಾಲು ಕರೆಯಲು ಗಟ್ಟಿ ಸ್ಟೂಲ್ ಕೊಡಿ. ಹತ್ತು ಲೀಟರ್ ಹಾಲು ಹತ್ತು ಕಿಲೋಗಿಂತ ಹೆಚ್ಚು ತೂಗುತ್ತದೆ. ಎರಡು ಸಣ್ಣ ಕ್ಯಾನುಗಳಿಗೆ ಹಂಚಿ. ಗಂಜಲ ನಿಲ್ಲದಂತೆ ಚರಂಡಿ ಮಾಡಿ. ದಾರಿಯಲ್ಲಿ ಕುಳಿತು ಉಸಿರು ತೆಗೆದುಕೊಳ್ಳಲು ಒಂದು ಕಲ್ಲುಬೆಂಚು ಹಾಕಿ.

ಬಿ.ಪಿ.ಎಲ್. ಕುಟುಂಬದ ಹಿರಿಯರಿಗೆ ಊರುಗೋಲು, ವಾಕರ್ ಮುಂತಾದವನ್ನು ಉಚಿತವಾಗಿ ಕೊಡಲೆಂದೇ ಕೇಂದ್ರ ಸರ್ಕಾರ 2017ರಲ್ಲಿ ರಾಷ್ಟ್ರೀಯ ವಯೋಶ್ರೀ ಯೋಜನೆ ಆರಂಭಿಸಿತು. ಮಾಹಿತಿಗೆ ಹಿರಿಯರ ಸಹಾಯವಾಣಿ 14567ಕ್ಕೆ ಕರೆ ಮಾಡಿ.

ಸಂಜೆ ಡೇರಿಗೆ ಹಾಲು ಹಾಕಿ ಮನೆಗೆ ಹೋದಮೇಲೆ, ಹಾಸಿಗೆಯಿಂದ ಬಚ್ಚಲವರೆಗೆ ಹಿರಿಯರ ಜೊತೆ ಒಮ್ಮೆ ನಡೆಯಿರಿ. ಅವರು ಎಲ್ಲಿ ಗೋಡೆ ಹಿಡಿಯುತ್ತಾರೋ ಅಲ್ಲೇ ಕಂಬಿ ಬೇಕು.