ನನ್ನ ಲೆಕ್ಕ ನನಗೂ ಕೊಡಿ



ಸಾಲ ಕೇಳೋಕೆ ಹೋದರೆ "ನಿಮ್ಮ ಸಿಬಿಲ್ ಸರಿ ಇಲ್ಲಮ್ಮ" ಅಂತ ವಾಪಸ್ ಕಳಿಸ್ತಾರೆ. ಗುಬ್ಬಿಯಲ್ಲೂ ಇದೇ ಮಾತು, ಕುಣಿಗಲ್‌ನಲ್ಲೂ ಇದೇ ಮಾತು. ನಾವು ತಲೆ ತಗ್ಗಿಸಿಕೊಂಡು ಮನೆಗೆ ಬರ್ತೀವಿ. ಏನು ಸರಿ ಇಲ್ಲ? ಯಾರು ಹೇಳಿದರು? ಕೇಳೋದೇ ಇಲ್ಲ.

ಅಂಗಡಿಯವರ ಹತ್ತಿರ ಸಾಲದ ಪುಸ್ತಕ ಇರುತ್ತೆ. ನಾವು ತಂದ ಬೇಳೆ, ಬೆಲ್ಲ, ಎಣ್ಣೆ ಎಲ್ಲ ಅದರಲ್ಲಿ ಬರೆದಿರುತ್ತೆ. ಕೊಟ್ಟ ದುಡ್ಡನ್ನು ಬರೆದುಕೊಂಡರೋ ಇಲ್ಲವೋ ಅಂತ ಬಗ್ಗಿ ನೋಡ್ತೀವಿ ತಾನೇ? ಸಿಬಿಲ್ ಅನ್ನೋದೂ ಅಂಥ ಪುಸ್ತಕವೇ. ಬ್ಯಾಂಕಿನವರು, ಮೈಕ್ರೋ ಫೈನಾನ್ಸಿನವರು ನಮ್ಮ ಸಾಲದ ಲೆಕ್ಕವನ್ನು ಸಾಲ ಮಾಹಿತಿ ಕಂಪನಿಗಳಿಗೆ ಕಳಿಸ್ತಾರೆ. ಇಂಥ ಕಂಪನಿ ನಾಲ್ಕು ಇವೆ. ಸಿಬಿಲ್, ಕ್ರಿಫ್ ಹೈ ಮಾರ್ಕ್, ಈಕ್ವಿಫ್ಯಾಕ್ಸ್, ಎಕ್ಸ್‌ಪೀರಿಯನ್. ಉಳಿದ ಹೆಸರು ನಾಲಿಗೆಗೆ ಕಷ್ಟ. ಅದಕ್ಕೇ ಏನೋ, ಜನ ಎಲ್ಲಕ್ಕೂ ಸಿಬಿಲ್ ಅಂತಲೇ ಅಂತಾರೆ.

ಈ ಪುಸ್ತಕದಲ್ಲಿ ನಮ್ಮ ಪುಟವನ್ನು ನಾವು ನೋಡಬಹುದು. ಅದರ ಪ್ರತಿ ಕೇಳಬಹುದು. ಇದಕ್ಕೆ 2005ರ ಕಾನೂನು ಇದೆ. 2017ರಿಂದ ನಾಲ್ಕೂ ಕಂಪನಿ ವರ್ಷಕ್ಕೊಮ್ಮೆ ಪೂರ್ತಿ ವರದಿಯನ್ನು ಬಿಟ್ಟಿಯಾಗಿ ಕೊಡಬೇಕು ಅಂತ ರಿಸರ್ವ್ ಬ್ಯಾಂಕ್ ಆದೇಶ ಮಾಡಿದೆ. ಯಾರಾದರೂ "ಐನೂರು ಕೊಡಿ, ತೆಗೆಸಿಕೊಡ್ತೀನಿ" ಅಂದರೆ ನಗಬೇಕು ಅಷ್ಟೇ.

ಗುಬ್ಬಿ ಕಡೆಯ ಒಬ್ಬ ಅಕ್ಕನ ವಿಷಯ ಹೇಳ್ತೀನಿ. ಹಸು ಕೊಳ್ಳೋಕೆ ಸಾಲ ಕೇಳಿದರು. ಸಿಗಲಿಲ್ಲ. ಮಗಳ ಕೈಲಿ ವರದಿ ತೆಗೆಸಿದರು. ವರದಿ ಇಂಗ್ಲಿಷಿನಲ್ಲಿತ್ತು. ಅಕ್ಕನಿಗೆ ಇಂಗ್ಲಿಷ್ ಬಾರದು, ಆದರೆ ಅಂಕಿ ಬರುತ್ತೆ. ಹಿಂದಿನ ವರ್ಷವೇ ತೀರಿಸಿದ ಸಂಘದ ಸಾಲದ ಮುಂದೆ ಇನ್ನೂ 6,400 ರೂಪಾಯಿ ಬಾಕಿ ಅಂತ ಇತ್ತು. ಅವರ ಪುಣ್ಯ, ಸಾಲದ ಕಾರ್ಡನ್ನು ಟ್ರಂಕಿನಲ್ಲಿ ಇಟ್ಟಿದ್ದರು. ಕೊನೇ ಕಂತಿನ ಸಹಿ ಅದರಲ್ಲಿತ್ತು. ಅದರ ಜೆರಾಕ್ಸ್ ಸೇರಿಸಿ ಕಾಗದ ಬರೆದರು. ಲೆಕ್ಕ ಸರಿ ಆಯಿತು.

ವರದಿಯನ್ನು ಕಂಪನಿಯ ವೆಬ್‌ಸೈಟಿನಲ್ಲಿ ಕೇಳಬಹುದು. ಮೊಬೈಲಿಗೆ ಒಂದು ಗುಟ್ಟಿನ ನಂಬರು ಬರುತ್ತೆ. ಓಟಿಪಿ ಅಂತಾರಲ್ಲ, ಅದು. ಅದನ್ನು ನೀವೇ ಒತ್ತಬೇಕು, ಬೇರೆಯವರಿಗೆ ಹೇಳಬೇಡಿ. ಕಾಗದ ಬರೆದೂ ಕೇಳಬಹುದು. ಆಗ ಗುರುತಿನ ಚೀಟಿ ಮತ್ತು ವಿಳಾಸದ ಜೆರಾಕ್ಸ್ ಜೊತೆಗಿಡಿ. ಜೆರಾಕ್ಸ್ ಮೇಲೆ "ಸಾಲದ ವರದಿ ಕೇಳಲು ಮಾತ್ರ" ಅಂತ ಅಡ್ಡಲಾಗಿ ಬರೆದು ಸಹಿ ಮಾಡಿ, ತಾರೀಕು ಹಾಕಿ. ಸಂಘಕ್ಕೆ ಕೊಟ್ಟ ಆಧಾರ್ ಜೆರಾಕ್ಸ್ ಬೇರೆಯವರ ಸಾಲಕ್ಕೆ ಹೋಗೋದು ಹೊಸದೇನಲ್ಲ.

ಕಾಗದ ಹೀಗಿರಲಿ:

"ಮಾನ್ಯರೇ, ನನ್ನ ಹೆಸರಿನಲ್ಲಿ ನಿಮ್ಮಲ್ಲಿರುವ ಸಾಲದ ಮಾಹಿತಿಯ ಪೂರ್ತಿ ವರದಿ ಬೇಕು. ಈ ವರ್ಷದ ಉಚಿತ ಪ್ರತಿ ಕಳಿಸಿಕೊಡಿ. ನನ್ನ ಹುಟ್ಟಿದ ದಿನ, ವಿಳಾಸ, ಮೊಬೈಲ್ ನಂಬರು ಕೆಳಗಿದೆ. ಇಂತಿ, ಸಹಿ."

ನೋಡಿ, ಇಷ್ಟೇ. ಹೆಬ್ಬೆಟ್ಟು ಒತ್ತುತ್ತಿದ್ದ ಕೈ ಇಷ್ಟು ಬರೆಯೋದಿಲ್ವಾ? ಸ್ಪೀಡ್ ಪೋಸ್ಟಿನಲ್ಲಿ ಹಾಕಿ ರಸೀದಿ ಇಟ್ಟುಕೊಳ್ಳಿ.

ವರದಿ ಬಂತು. ಮೊದಲು ಹೆಸರು, ವಿಳಾಸ ನೋಡಿ. ಆಮೇಲೆ ಸಾಲ ಎಷ್ಟಿವೆ ಎಣಿಸಿ. ನೀವು ತೆಗೆದದ್ದು ಎರಡು, ಅಲ್ಲಿರೋದು ಮೂರಾದರೆ ಸುಮ್ಮನಿರಬೇಡಿ. ಯಾರ್‍ಯಾರು ನಿಮ್ಮ ಪುಟ ತೆಗೆದು ನೋಡಿದ್ದಾರೆ ಅನ್ನೋದೂ ಅದರಲ್ಲಿರುತ್ತೆ. ಬಾಕಿಯ ಅಂಕಿಯನ್ನು ಸಾಲದ ಕಾರ್ಡಿನ ಜೊತೆ ಹೋಲಿಸಿ. ಆ ಕಾರ್ಡು ನಿಮಗೆ ಅರ್ಥವಾಗುವ ಭಾಷೆಯಲ್ಲೇ ಇರಬೇಕು. ಅದೂ ರಿಸರ್ವ್ ಬ್ಯಾಂಕಿನ ನಿಯಮವೇ. ಕನ್ನಡದಲ್ಲಿ ಇಲ್ಲದಿದ್ದರೆ ಕೇಳಿ ಪಡೆಯಿರಿ.

ತಪ್ಪಿದ್ದರೆ ಸಾಲ ಕೊಟ್ಟವರಿಗೆ, ಇಲ್ಲವೇ ಮಾಹಿತಿ ಕಂಪನಿಗೆ ದೂರು ಬರೆಯಿರಿ. 30 ದಿನದೊಳಗೆ ಅವರು ಇತ್ಯರ್ಥ ಮಾಡಬೇಕು. ತಡವಾದರೆ ದಿನಕ್ಕೆ 100 ರೂಪಾಯಿ ಪರಿಹಾರ ನಿಮಗೆ ಸಲ್ಲಬೇಕು. ಇದು 2024ರ ಏಪ್ರಿಲ್‌ನಿಂದ ಜಾರಿಯಲ್ಲಿದೆ. ಆಗಲೂ ಕೇಳದಿದ್ದರೆ ರಿಸರ್ವ್ ಬ್ಯಾಂಕಿನ ಒಂಬಡ್ಸ್‌ಮನ್‌ಗೆ ದೂರು ಕೊಡಬಹುದು. ದೂರು ಹೇಗೆ ಕೊಡೋದು ಅಂತ ತಿಳಿಯೋಕೆ 14448 ನಂಬರಿಗೆ ಫೋನ್ ಮಾಡಿ. ಇದಕ್ಕೂ ದುಡ್ಡಿಲ್ಲ.

ಒಂದು ಮಾತು. ನಿಜವಾಗಿಯೂ ಕಂತು ತಪ್ಪಿದ್ದರೆ ಅದು ಪುಸ್ತಕದಲ್ಲಿ ಇದ್ದೇ ಇರುತ್ತೆ. "ದುಡ್ಡು ಕೊಟ್ಟರೆ ಅಳಿಸ್ತೀವಿ" ಅನ್ನೋರನ್ನು ನಂಬಬೇಡಿ. ಸುಳ್ಳು ಬರೆದಿದ್ದರೆ ತೆಗೆಸಬಹುದು, ನಿಜ ಬರೆದಿದ್ದರೆ ಆಗದು.

ಬರುವ ತರಗತಿಗೆ ಎಲ್ಲರೂ ನಿಮ್ಮ ಸಾಲದ ಕಾರ್ಡು ತನ್ನಿ. ಹಳೇದು, ಹರಿದದ್ದು ಇದ್ದರೂ ತನ್ನಿ. ಕೂತು ಓದೋಣ, ಆಮೇಲೆ ಕಾಗದ ಬರೆಯೋಣ.