ನಾಯಿ ನಡೆಸುವ ಬಗೆಗಳು



ನಾಯಿಯ ಬಾಲ ಡೊಂಕು ಎಂದು ನಾವು ಸುಲಭವಾಗಿ ಹೇಳಿಬಿಡುತ್ತೇವೆ. ಮಾತು ಕೇಳದ ನಾಯಿಗೆ ಸರಪಳಿ ಬೀಳುತ್ತದೆ. ಇಲ್ಲವೆ ಅದನ್ನು ಊರ ಹೊರಗೆ ಬಿಟ್ಟು ಬರುತ್ತಾರೆ. ಅದು ಕೇಳದಿರುವುದಕ್ಕೆ ನಾವು ಹೇಳುವ ರೀತಿಯೇ ಕಾರಣವಿರಬಹುದೇ? ಈ ಪ್ರಶ್ನೆಗೆ ದೂರದೇಶದ ಒಂದು ಆಟದಲ್ಲಿ ಉತ್ತರ ಸಿಗುತ್ತದೆ.

ಅದರ ಹೆಸರು ಅಜಿಲಿಟಿ, ಅಂದರೆ ನಾಯಿಗಳ ಅಡೆತಡೆ ಓಟ. ಕುದುರೆ ಜಿಗಿತದ ಸ್ಪರ್ಧೆಯ ಮಾದರಿಯಲ್ಲಿ 1978ರಲ್ಲಿ ಲಂಡನ್ನಿನ ಕ್ರಫ್ಟ್ಸ್ ಶ್ವಾನ ಪ್ರದರ್ಶನದಲ್ಲಿ ಇದನ್ನು ಮೊದಲು ಆಡಿ ತೋರಿಸಿದರು. ನಾಯಿ ಅಡ್ಡಗೋಲು ಹಾರಬೇಕು, ಕೊಳವೆಯಲ್ಲಿ ನುಸುಳಬೇಕು, ಸಾಲಾಗಿ ನೆಟ್ಟ ಕೋಲುಗಳ ನಡುವೆ ಹಾವಿನಂತೆ ಹರಿಯಬೇಕು. ಕೊರಳಿಗೆ ಹಗ್ಗ ಇಲ್ಲ, ಮೈ ಮುಟ್ಟುವಂತಿಲ್ಲ, ತಿನಿಸು ತೋರಿಸುವಂತಿಲ್ಲ. ತಡೆಗಳ ಸಾಲು ಸ್ಪರ್ಧೆಯಿಂದ ಸ್ಪರ್ಧೆಗೆ ಬದಲಾಗುತ್ತದೆ. ನಡೆಸುವವರು ಮೊದಲೇ ಆ ದಾರಿಯಲ್ಲಿ ನಡೆದು ನೋಡಿರುತ್ತಾರೆ, ನಾಯಿ ನೋಡಿರುವುದಿಲ್ಲ. ಆದ್ದರಿಂದ ಓಟದಲ್ಲಿ ದಾರಿ ತಪ್ಪಿದರೆ ಮೊದಲು ನಡೆಸಿದವರನ್ನೇ ವಿಚಾರಿಸಬೇಕಾಗುತ್ತದೆ.

ನಡೆಸುವ ಬಗೆಗಳು ಮುಖ್ಯವಾಗಿ ಮೂರು. ಮೊದಲನೆಯದು ನಾಯಿಗಿಂತ ಮುಂದೆ ಓಡಿ, ಅದರ ಎದುರಿನಲ್ಲೇ ಮಗ್ಗುಲು ಬದಲಿಸಿ ತಿರುವು ತೋರಿಸುವುದು. ಒಡೆಯ ಕಣ್ಣ ಮುಂದೆಯೇ ಇರುವುದರಿಂದ ನಾಯಿಗೆ ಗೊಂದಲ ಕಡಿಮೆ. ಆದರೆ ಒಡೆಯನ ಕಾಲಿನಲ್ಲಿ ಬಲ ಬೇಕು. ಎರಡನೆಯದು ನಾಯಿಯನ್ನು ಮುಂದೆ ಕಳಿಸಿ, ಅದರ ಹಿಂದಿನಿಂದ ಮಗ್ಗುಲು ಬದಲಿಸುವುದು. ನಿಧಾನವಾಗಿ ಓಡುವವರಿಗೆ ಇದು ಅನುಕೂಲ. ಆದರೆ ಹಿಂದೆ ತಿರುಗಿ ನೋಡದೆ ಮುಂದೆ ಹೋಗುವ ಧೈರ್ಯ ನಾಯಿಗೆ ಇರಬೇಕು. ಮೂರನೆಯದು ದೂರದಲ್ಲಿ ನಿಂತು ದನಿಯಿಂದ, ಕೈಸನ್ನೆಯಿಂದ ನಡೆಸುವುದು. ಓಡುವ ಶ್ರಮ ಉಳಿದರೂ ಅದಕ್ಕೆ ಮೊದಲು ತಿಂಗಳುಗಟ್ಟಲೆ ಕಲಿಸಬೇಕು. ಮೂರರಲ್ಲಿಯೂ ಒಂದು ಮಾತು ನಿಜ. ಬಾಯಿ ಎಡಕ್ಕೆ ಎಂದು ಹೇಳಿ ಭುಜ ಬಲಕ್ಕೆ ತಿರುಗಿದರೆ, ನಾಯಿ ಸಾಮಾನ್ಯವಾಗಿ ಭುಜದ ಮಾತನ್ನೇ ಕೇಳುತ್ತದೆ.

ಇನ್ನು ನಮ್ಮ ನಾಡಿನ ನಾಯಿಗಳನ್ನು ನೋಡೋಣ. ಬಾಗಲಕೋಟೆ ಜಿಲ್ಲೆಯ ಮುಧೋಳದ ಬೇಟೆನಾಯಿ 2005ರಲ್ಲಿ ಅಂಚೆ ಚೀಟಿಯ ಮೇಲೆ ಬಂತು. 2016ರಲ್ಲಿ ಮೀರತ್‌ನ ಸೈನ್ಯದ ಕೇಂದ್ರ ಅದರ ಮರಿಗಳನ್ನು ತರಬೇತಿಗೆ ತೆಗೆದುಕೊಂಡಿತು. ಮುಧೋಳದ ಬಳಿ ತಿಮ್ಮಾಪುರದಲ್ಲಿ ಈ ತಳಿಗಾಗಿ ಇರುವ ಕೇಂದ್ರ ನಮ್ಮ ನೆರೆಯ ಬೀದರಿನ ಪಶು ವಿಶ್ವವಿದ್ಯಾಲಯಕ್ಕೆ ಸೇರಿದ್ದು. ಮುಧೋಳದ ನಾಯಿ ಕಣ್ಣಿನಿಂದ ಬೇಟೆಯಾಡುವಂಥದು. ಮೊಲ ಕಂಡಿತೆಂದರೆ ಒಡೆಯನ ಅಪ್ಪಣೆಗೆ ಕಾಯದೆ ಓಡುವುದೇ ಅದರ ಹುಟ್ಟುಗುಣ. ಹೆಜ್ಜೆ ಹೆಜ್ಜೆಗೂ ಒಡೆಯನ ಮುಖ ನೋಡುವ ಆಲ್ಸೇಷಿಯನ್ ನಾಯಿಯ ಅಳತೆಗೋಲಿನಿಂದ ಇದನ್ನು ಅಳೆದು ‘ಮೊಂಡು’ ಎಂದರೆ ಅದು ಅನ್ಯಾಯ.

ಕುರಿಹಿಂಡಿನ ನಾಯಿಯದು ಮತ್ತೊಂದು ರೀತಿ. ಬ್ರಿಟನ್ನಿನ ಕೋಲಿ ನಾಯಿ ದೂರದ ಕುರುಬನ ಸೀಟಿ ಕೇಳಿ ಹಿಂಡನ್ನು ತಿರುಗಿಸುತ್ತದೆ. ನಮ್ಮ ಕುರುಬರ ನಾಯಿಯ ಕೆಲಸ ಕಾವಲು. ಗೊಬ್ಬರಕ್ಕೆಂದು ಹೊಲದಲ್ಲಿ ಕುರಿ ತರುಬಿದಾಗ, ನಡುರಾತ್ರಿ ತೋಳ ಬಂದರೆ ಅದಕ್ಕೆ ಯಾರೂ ಸನ್ನೆ ಮಾಡುವುದಿಲ್ಲ. ಅದೇ ನಿರ್ಧಾರ ಮಾಡಬೇಕು. ಮರಿಯಿದ್ದಾಗಿನಿಂದ ಕುರಿಗಳ ನಡುವೆ ಬೆಳೆಸುವುದೇ ಅದರ ಶಿಕ್ಷಣ. ಅದನ್ನು ಕ್ಷಣಕ್ಷಣಕ್ಕೂ ಕೂಗಿ ಕರೆಯುತ್ತಿದ್ದರೆ ಕಾವಲೇ ಕೆಟ್ಟೀತು.

ಮನೂರು, ನಾರಾಯಣಖೇಡ, ಜಹೀರಾಬಾದು, ತಾಂಡೂರಿನ ನಮ್ಮಂಥ ಮನೆಗಳಲ್ಲಿ ಇನ್ನೊಂದು ತೊಡಕು ಇದೆ. ಅಜ್ಜಿ ‘ಬಾ’ ಎನ್ನುತ್ತಾಳೆ, ಶಾಲೆಗೆ ಹೋಗುವ ಮೊಮ್ಮಗ ‘ರಾ’ ಎನ್ನುತ್ತಾನೆ, ನೆರೆಮನೆಯವರು ‘ಆವೋ’ ಎನ್ನುತ್ತಾರೆ. ಇದಕ್ಕಾಗಿ ಅಜ್ಜಿ ತನ್ನ ಮಾತು ಬಿಡಬೇಕಾಗಿಲ್ಲ. ಮೂವರ ಕೈಸನ್ನೆ ಒಂದೇ ಆಗಿದ್ದರೆ, ಬಂದ ಮೇಲೆ ಮೂವರೂ ಮೆಚ್ಚಿ ಮೈದಡವಿದರೆ, ನಾಯಿ ಮೂರು ಭಾಷೆಯನ್ನೂ ಕಲಿಯುತ್ತದೆ.

ಮನೆಯಲ್ಲಿ ಮಾಡಬಹುದಾದದ್ದು ಇಷ್ಟು. ದಿನಕ್ಕೆ ಐದೈದು ನಿಮಿಷ ಎರಡು ಸಲ ಕಲಿಸಿರಿ. ಕರೆದ ಕೂಡಲೆ ಬಂದರೆ ಆ ಕ್ಷಣವೇ ರೊಟ್ಟಿ ತುಣುಕು ಕೊಡಿರಿ. ತಡವಾಗಿ ಬಂದಿತೆಂದು ಹೊಡೆಯಬೇಡಿರಿ. ಬಂದರೆ ಏಟು ಬೀಳುತ್ತದೆ ಎಂದಷ್ಟೇ ಅದು ಕಲಿಯುತ್ತದೆ. ಎಲುಬು ಬಲಿಯುವ ಮುನ್ನ ಮರಿಗಳನ್ನು ಎತ್ತರ ಹಾರಿಸಬೇಡಿರಿ. ಬೇಸಿಗೆಯಲ್ಲಿ ನೆಲ ತಂಪಾಗಿರುವ ಮುಂಜಾನೆಯನ್ನೇ ಆರಿಸಿಕೊಳ್ಳಿರಿ.

ನಿಮ್ಮ ನಾಯಿ ನಾಳೆ ಮಾತು ಕೇಳದಿದ್ದರೆ ಕೋಲು ಹುಡುಕುವ ಮೊದಲು, ನಿಮ್ಮ ಕೈ, ಕಾಲು, ಭುಜ ಯಾವ ಕಡೆ ತಿರುಗಿದ್ದವು ಎಂಬುದನ್ನು ಒಮ್ಮೆ ನೋಡಿಕೊಳ್ಳಿರಿ.